ಸೀಟಿನ ಕೆಳಗಿನ ಹತ್ತು ಪದಗಳು

ಹುರುಪು, ಹುಮ್ಮಸ್ಸು, ಉಮೇದು, ಲವಲವಿಕೆ, ಹಿಗ್ಗು, ಸಡಗರ, ಸಂಭ್ರಮ, ತವಕ, ಪುಳಕ, ಉಲ್ಲಾಸ. ಟೀಚರಮ್ಮ ಬೋರ್ಡಿನ ಮೇಲೆ ಹತ್ತು ಪದ ಬರೆದು, ಒಂದೊಂದಕ್ಕೂ ಸ್ವಂತ ವಾಕ್ಯ ಮಾಡಿಕೊಂಡು ಬರಬೇಕು ಎಂದರು. ಪುಸ್ತಕದಿಂದ ಕದಿಯುವ ಹಾಗಿಲ್ಲ, ಕಣ್ಣಾರೆ ಕಂಡದ್ದನ್ನೇ ಬರೆಯಬೇಕು.

"ಎಲ್ಲ ಒಂದೇ ಅಲ್ವಾ ಮೇಡಂ?" ಹಿಂದಿನ ಬೆಂಚಿನಿಂದ ಮೊಂಡ ಕೇಳಿದ. "ಖುಷಿ ಅಂದ್ರೆ ಸಾಲ್ದಾ? ಅದಕ್ಕೆ ಹತ್ತು ಹೆಸರು ಯಾಕೆ?"

"ನಿನ್ನ ಅಂಗಡೀಲಿ ಸೂಜಿ ಎಷ್ಟು ಥರ ಇದೆಯಪ್ಪ?"

"ಆರು."

"ಎಲ್ಲ ಚುಚ್ಚೋದೇ ತಾನೆ? ಒಂದೇ ಇಟ್ಕೋಬಹುದಿತ್ತಲ್ಲ."

ಎಲ್ಲರೂ ನಕ್ಕರು. ಟೀಚರಮ್ಮ ನಗಲಿಲ್ಲ. "ಹಿಗ್ಗು ಎದೆಯೊಳಗೆ ಉಬ್ಬೋದು, ಬಾಯಿ ಮುಚ್ಕೊಂಡಿದ್ರೂ ಮುಖದಲ್ಲಿ ಗೊತ್ತಾಗುತ್ತೆ. ಸಡಗರ ಕೈಕಾಲಲ್ಲಿ ಓಡಾಡುತ್ತೆ. ತವಕ ಇನ್ನೂ ಸಿಗದಿರೋದಕ್ಕೆ. ಎಲ್ಲ ಬೇರೆ ಬೇರೆ. ನೋಡಿದವನಿಗೆ ಗೊತ್ತಾಗುತ್ತೆ."

ಅರ್ಧಕ್ಕೆ ಶಾಲೆ ಬಿಟ್ಟ ದೊಡ್ಡವರಿಗಾಗಿ ಭಾನುವಾರ ಬೆಳಿಗ್ಗೆ ನಡೆಯುವ ತರಗತಿ ಅದು. ಬೆಂಚುಗಳು ಮಾತ್ರ ಮಕ್ಕಳವು. ಕೂತರೆ ಮಂಡಿ ಗಲ್ಲಕ್ಕೆ ಬಡಿಯುತ್ತಿತ್ತು. ಮೊಂಡನ ಪಕ್ಕದಲ್ಲಿ ಆಸ್ಪತ್ರೆಯ ಆಯಾ, ಮುಂದೆ ಒಬ್ಬ ಬಸ್ ಡ್ರೈವರು. ಮೊದಲ ದಿನ ಎಲ್ಲರಿಗೂ ಒಂದೇ ಪ್ರಶ್ನೆ: ಶಾಲೆ ಯಾಕೆ ಬಿಟ್ಟಿರಿ? ಮೊಂಡ ಎದ್ದು ನಿಂತು, "ಏಳನೇ ಕ್ಲಾಸಲ್ಲಿ ಅಪ್ಪ ಬಿಡಿಸಿದ್ರು. ಸೂಜಿ ಕೊಟ್ಟು ಸೋಫಾ ಹೊಲಿಯೋಕೆ ಕೂರಿಸಿದ್ರು" ಎಂದಿದ್ದ. ಆಯಾ ಲೊಚಗುಟ್ಟಿ, "ಅಯ್ಯೋ ಪಾಪ" ಎಂದಳು. ಆ 'ಪಾಪ' ಅವನಿಗೆ ಬೆಲ್ಲದ ಹಾಗೆ ಇಳಿದಿತ್ತು.

ನಿಜ ಬೇರೆ ಇತ್ತು. ಏಳನೇ ಕ್ಲಾಸಿನಲ್ಲಿ ಗಟ್ಟಿಯಾಗಿ ಓದು ಎಂದಾಗ ನಾಲಿಗೆ ತೊಡರಿ, ಇಡೀ ಕ್ಲಾಸು ನಕ್ಕು, ಮೇಷ್ಟ್ರೂ ಜೊತೆಗೆ ನಕ್ಕು, ಅವನು ಪುಸ್ತಕವನ್ನು ಅವರ ಮೇಜಿನ ಮೇಲೆ ಎಸೆದು ಎದ್ದು ಬಂದಿದ್ದ. ಅಪ್ಪ ಎಂಟು ದಿನ ಅಂಗಡಿ ತಡವಾಗಿ ತೆಗೆದು, ಕೈ ಹಿಡಿದು ಶಾಲೆಯ ಗೇಟಿನವರೆಗೆ ಬಿಟ್ಟು ಬಂದರು. ಎಂಟು ದಿನವೂ ಅವನು ಹಿಂದಿನ ಗೋಡೆ ಹಾರಿ, ಅಪ್ಪನಿಗಿಂತ ಮೊದಲೇ ಅಂಗಡಿ ಮುಂದೆ ಕೂತಿದ್ದ. ಒಂಬತ್ತನೇ ದಿನ ಅಪ್ಪ ಕೈಗೆ ಸೂಜಿ ಕೊಟ್ಟರು.

ಅವತ್ತಿನಿಂದ ಅವನಿಗೆ ಓದಿದವರನ್ನು ಕಂಡರೆ ಉರಿ. ಪೇಪರ್ ಹಿಡಿದವನನ್ನು ಕಂಡರೆ ಉರಿ. "ಓದಿ ಯಾರು ಉದ್ಧಾರ ಆದ್ರು?" ಎಂದು ಬೀದಿಯಲ್ಲಿ ಹತ್ತು ವರ್ಷ ಜಂಬ ಕೊಚ್ಚಿದ್ದ. ಈಗ ದೊಡ್ಡ ಪೀಠೋಪಕರಣದ ಕಾರ್ಖಾನೆಯಲ್ಲಿ, ಹತ್ತನೇ ಕ್ಲಾಸು ಪಾಸಾಗಿದ್ದರೆ ಮಾತ್ರ ಮೇಲ್ವಿಚಾರಕನ ಕೆಲಸ ಎಂದಾಗ, ಯಾವ ಮುಖ ಇಟ್ಟುಕೊಂಡು ನೋಟ್‌ಬುಕ್ ಕೊಳ್ಳುವುದು? ತರಗತಿಗೆ ಹೋಗುವುದನ್ನು ಮನೆಯಲ್ಲಿ ಹೇಳಿರಲಿಲ್ಲ. ಭಾನುವಾರ ಗೆಳೆಯರ ಜೊತೆ ಅಲೆಯುತ್ತಾನೆ ಎಂದೇ ಅಪ್ಪ ತಿಳಿದಿದ್ದರು.

ಹಾಗಾಗಿ ಅವನು ಹಲಗೆಯ ಮೇಲೆ ಬರೆದ. ಸೀಟು ಕಟ್ಟುವಾಗ ಕೆಳಗೆ ಪ್ಲೈವುಡ್ ಹಲಗೆ, ಅದರ ಮೇಲೆ ಸ್ಪಾಂಜು, ಮೇಲೆ ರೆಕ್ಸಿನ್ ಎಳೆದು ಸುತ್ತ ಪಿನ್ನು. ಒಮ್ಮೆ ಪಿನ್ನು ಹೊಡೆದರೆ ಹಲಗೆಯ ಮುಖವನ್ನು ಹತ್ತು ವರ್ಷ ಯಾರೂ ನೋಡುವುದಿಲ್ಲ. ಅಳತೆ ಗುರುತು ಹಾಕುವ ದಪ್ಪ ಪೆನ್ಸಿಲಿನಲ್ಲಿ ಮೊದಲು ಅಲ್ಲಿ ತಿದ್ದಿ, ಸರಿ ಎನಿಸಿದ್ದನ್ನು ಭಾನುವಾರ ಬಾಯಲ್ಲೇ ಒಪ್ಪಿಸುತ್ತಿದ್ದ. ಹತ್ತು ಪದಗಳಲ್ಲಿ ಆರು ಕ್ಷೌರದಂಗಡಿಯ ಬೆಂಚಿನೊಳಗೆ ಹೋದವು, ಮೂರು ಹಲ್ಲಿನ ಡಾಕ್ಟರಮ್ಮನ ಬೆಂಚಿನೊಳಗೆ. ತವಕ ಒಂದು ಉಳಿದುಕೊಂಡಿತು, ವಾಕ್ಯ ಹೊಳೆಯಲಿಲ್ಲ.

ಹೊಳೆದವುಗಳೂ ಎಂಥವು? ಪೆನ್ಸಿಲ್ ಹಿಡಿದರೆ ಕೋಪ ಒಂದೇ ಬರುತ್ತಿತ್ತು. ಕೋಪಕ್ಕೆ ಹತ್ತಿರ ಸಿಗುತ್ತಿದ್ದುದು, ಆಚೆ ಮೂಲೆಯಲ್ಲಿ ಬೆನ್ನು ಬಾಗಿಸಿ ಕೂತ ಅಪ್ಪ ಒಬ್ಬರೇ.

ಎರಡು ವಾರ ಕಳೆಯುವಷ್ಟರಲ್ಲಿ ಡಾಕ್ಟರಮ್ಮನ ಬೆಂಚು ವಾಪಸ್ಸು ಬಂತು. ಹಿಂದೆಯೇ ಡಾಕ್ಟರಮ್ಮ.

"ಮೇಸ್ತ್ರಿ, ಸೀಟು ಒಂದು ಕಡೆ ಕುಸೀತಿದೆ. ಹಲ್ಲು ನೋವಂತ ಬಂದೋರು ಸೊಂಟ ನೋವು ಅಂತಿದಾರೆ."

ಅಪ್ಪ ನಕ್ಕು ಇಕ್ಕಳಕ್ಕೆ ಕೈ ಚಾಚಿದರು. ಮೊಂಡ ತಟ್ಟನೆ ಎದ್ದು ಅಡ್ಡ ಬಂದ.

"ಬಿಡಪ್ಪ, ನಾನು ಬಿಚ್ತೀನಿ. ನೀನು ಟೀ ಕುಡಿ, ಹೋಗು."

"ಏನೋ ಇವತ್ತು? ನನ್ನ ಟೀ ಚಿಂತೆ ನಿನಗೆ ಯಾವಾಗಿಂದ?"

"ಕಣ್ಣಿಗೆ ಕಷ್ಟ ಆಗುತ್ತೆ ಅಂತ."

"ಪಿನ್ನು ಕೀಳೋಕೆ ಕಣ್ಣು ಯಾಕೋ, ಬೆರಳು ಸಾಕು" ಎಂದು ಅಪ್ಪ ಒಂದಾದ ಮೇಲೊಂದು ಪಿನ್ನು ಕಿತ್ತರು. ರೆಕ್ಸಿನ್ ಮಡಚಿದರು. ಸ್ಪಾಂಜು ಎತ್ತಿದರು.

ಡಾಕ್ಟರಮ್ಮ ಬಗ್ಗಿ ನೋಡಿದರು. "ಅರೆ, ಇಲ್ಲಿ ಪಾಠ ನಡೆದಿದೆಯಲ್ಲ." ಪಾಪ, ಅವರಿಗೇನು ಗೊತ್ತು? ಕನ್ನಡಕ ಸರಿಮಾಡಿಕೊಂಡು ಗಟ್ಟಿಯಾಗಿಯೇ ಓದಿದರು. "ನನ್ನನ್ನು ಶಾಲೆ ಬಿಡಿಸಿದ ದಿನ ನನ್ನ ಅಪ್ಪನಿಗೆ ಸಂಭ್ರಮ. ನನ್ನ ಕೈಗೆ ಸೂಜಿ ಕೊಡುವಾಗ ಅಪ್ಪನಿಗೆ ಬಹಳ ಉಮೇದು. ಪುಕ್ಕಟೆ ಆಳು ಸಿಕ್ಕಿದ್ದಕ್ಕೆ ಅಪ್ಪನಿಗೆ ಪುಳಕ." ಕೊನೆಯದಕ್ಕೆ ಬರುವ ಹೊತ್ತಿಗೆ ಅವರ ದನಿ ಇಳಿದಿತ್ತು. "ಯಾರದು ಮೇಸ್ತ್ರಿ ಇದು?"

ಮೊಂಡನ ಕಿವಿ ಕಾದ ಹಂಚಾಗಿತ್ತು. ಏಳನೇ ಕ್ಲಾಸಿನ ನಗು ಎಷ್ಟೋ ಮೇಲು. ಅದರಲ್ಲಿ ಕೋಪಿಸಿಕೊಳ್ಳಲು ಎದುರಿಗೆ ಒಬ್ಬ ಮೇಷ್ಟ್ರಾದರೂ ಇದ್ದರು.

ಅಪ್ಪ ಹಲಗೆಯನ್ನು ನೋಡುತ್ತಲೇ ಇದ್ದರು. ಅವರ ಓದು ನಿಧಾನ, ತುಟಿ ಆಡಿಸದೆ ಓದಲು ಬಾರದು. ಕೇಳಿದ್ದು ಸಾಲದೆಂಬಂತೆ, ಒಂದೊಂದೇ ಅಕ್ಷರದ ಕೆಳಗೆ ಬೆರಳಿಟ್ಟು ಮೂರನ್ನೂ ಓದಿ ಮುಗಿಸಿದರು.

"ಹಳೇ ಹಲಗೆ ಅಮ್ಮ" ಎಂದರು. "ಯಾವುದೋ ಶಾಲೇಲಿ ಡೆಸ್ಕು ಮುರಿದಾಗ ತಂದದ್ದು. ಯಾವನೋ ಹುಡುಗ ಬರೆದಿರಬೇಕು. ಸಂಜೆಯೊಳಗೆ ಸೀಟು ಸರಿಮಾಡಿ ಕಳಿಸ್ತೀನಿ."

ಹಲಗೆ ಹೊಸದು. ಅಂಚಿನ ಬಿಳಿ ಇನ್ನೂ ಮಾಸಿರಲಿಲ್ಲ. ಡಾಕ್ಟರಮ್ಮ ಅದನ್ನು ನೋಡಿದರು, ಮೊಂಡನ ಮುಖವನ್ನೂ ನೋಡಿ ಹೊರಟರು.

ಅಪ್ಪ ಬೈದಿದ್ದರೆ ಚೆನ್ನಾಗಿತ್ತು. ಒಂದು ಏಟು ಬಿಗಿದಿದ್ದರೆ ಇನ್ನೂ ಚೆನ್ನಾಗಿತ್ತು. ತಿರುಗಿ ಒಂದು ಮಾತಾಡಿ, ಬಾಗಿಲು ದಡಾರನೆ ಹಾಕಿಕೊಂಡು ಹೋಗಬಹುದಿತ್ತು. ಅದು ಅವನಿಗೆ ಕರಗತ. ಅಪ್ಪ ಕುಸಿದ ಮೂಲೆಗೆ ಮರದ ಪಟ್ಟಿ ಕೊಟ್ಟು, ಒದ್ದೆ ಬಟ್ಟೆಯನ್ನು ಅವನ ಕಡೆ ತಳ್ಳಿದರು.

"ಒರೆಸು."

ಪೆನ್ಸಿಲಿನ ಗುರುತು ಹೋಗದೆ ಕಪ್ಪಾಗಿ ಹರಡಿಕೊಂಡಿತು. ಅವನು ಉಜ್ಜಿದ. ಬೆರಳು ಕೆಂಪಾಗುವವರೆಗೆ ಉಜ್ಜಿದ.

"ಶಾಲೆಗೆ ಹೋಗ್ತಿದೀಯಾ?" ಅಪ್ಪ ಕೇಳಿದರು.

"ಭಾನುವಾರ."

"ಪರೀಕ್ಷೆ ಯಾವಾಗ?"

"ಮೂರು ತಿಂಗಳಿದೆ."

"ಹೂಂ" ಎಂದರು ಅಪ್ಪ. ಅಷ್ಟೇ. ಆದರೆ ಬಗ್ಗಿದ ಆ ಮುಖದಲ್ಲಿ, ಗಾಯ ಇನ್ನೂ ಹಸಿಯಾಗಿರುವಾಗಲೇ, ಇನ್ನೊಂದೇನೋ ಬಂದು ಕೂತಿತ್ತು. ಬಾಯಿ ಮುಚ್ಚಿಕೊಂಡಿದ್ದರೂ ಗೊತ್ತಾಗುವಂಥದ್ದು. ಮೊಂಡನಿಗೆ ಅದರ ಹೆಸರು ಗೊತ್ತಿತ್ತು. ಅದೇ ಪದಕ್ಕೆ ಕ್ಷೌರದಂಗಡಿಯ ಬೆಂಚಿನಲ್ಲಿ ಏನು ಬರೆದಿದ್ದೇನೆಂಬುದೂ ನೆನಪಿತ್ತು. ಅವನು ತಲೆ ತಗ್ಗಿಸಿ ಮತ್ತೆ ಉಜ್ಜಲು ಹಿಡಿದ.

ಮರುದಿನ ಹೊಲಿಗೆ ಮೆಷಿನ್ನಿನ ಮೇಲೆ ಒಂದು ನೋಟ್‌ಬುಕ್ ಇತ್ತು. ರಟ್ಟಿನ ಮೇಲೆ ಅಪ್ಪನ ಕೈಬರಹ, ಅವನ ಹೆಸರು. ಬೀದಿಯ ಹೆಸರಲ್ಲ, ಶಾಲೆಯ ಹಾಜರಿಯಲ್ಲಿದ್ದ ಹೆಸರು. ಒಂದು ಅಕ್ಷರ ತಪ್ಪಿ, ಹೊಡೆದು, ಪಕ್ಕದಲ್ಲಿ ಮತ್ತೆ ತಿದ್ದಿದ್ದರು. ಅದನ್ನು ತೆರೆಯಲು ಅವನಿಗೆ ಧೈರ್ಯ ಬರಲಿಲ್ಲ. ಇಕ್ಕಳ, ಪಿನ್ನಿನ ಗನ್ನು, ಉಪ್ಪುಕಾಗದ ಚೀಲಕ್ಕೆ ಹಾಕಿಕೊಂಡು ಕ್ಷೌರದಂಗಡಿಗೆ ನಡೆದ.

ಬೆಂಚಿನ ಮೇಲೆ ಮೂವರು ಆರಾಮಾಗಿ ಕಾಲು ಚಾಚಿ ಕೂತಿದ್ದರು.

"ಸ್ವಲ್ಪ ಏಳಿ. ಸೀಟು ನೋಡ್ಬೇಕು."

"ಕರೀದೇ ಬಂದಿದಾನಲ್ಲ ಮೇಸ್ತ್ರಿ ಮಗ" ಎಂದ ಕ್ಷೌರದವನು, ಕತ್ತರಿ ನಿಲ್ಲಿಸದೆ. "ಬೆಂಚು ಚೆನ್ನಾಗೇ ಇದೆಯಲ್ಲೋ. ನಿಮ್ಮಪ್ಪ ಕಳಿಸಿದ್ರಾ?"

"ಇಲ್ಲ."

ಸ್ಪಾಂಜು ಎತ್ತಿದ ಕೂಡಲೇ ಮೂರು ತಲೆ ಬಗ್ಗಿದವು. ಕ್ಷೌರದವನದು ನಾಲ್ಕನೆಯದು. ಸಾಲುಗಳನ್ನು ಬಚ್ಚಿಡುವಷ್ಟು ಅಗಲ ಮೊಂಡನ ಅಂಗೈಗೆ ಇರಲಿಲ್ಲ. "ಮಗ ಫೇಲಾದರೆ ಅಪ್ಪನಿಗೆ ಹಿಗ್ಗು" ಎಂದು ಒಬ್ಬ ಓದಿದ. ಇನ್ನೊಬ್ಬ ಕೆಳಗಿನ ಸಾಲಿಗೆ ಹೋದ. "ನನ್ನ ಪುಸ್ತಕ ರದ್ದಿಗೆ ಹಾಕುವಾಗ ಅಪ್ಪನ ಸಡಗರ ನೋಡಬೇಕಿತ್ತು."

ಕತ್ತರಿ ನಿಂತಿತು.

"ಲೋ" ಎಂದ ಕ್ಷೌರದವನು ಮೆತ್ತಗೆ. "ಎಂಟು ದಿನ ನಿಮ್ಮಪ್ಪ ನಿನ್ನ ಕೈ ಹಿಡ್ಕೊಂಡು ಇದೇ ಬಾಗಿಲ ಮುಂದೆ ಹೋಗಿದಾನೆ. ನಾನು ನೋಡಿದೀನಿ. ವಾಪಸ್ ಬರುವಾಗ ಒಬ್ಬನೇ ಬರ್ತಿದ್ದ, ಬೀಗೋನು. ಇವತ್ತು ಒಳಗೆ ಹೋದ ಅಂತ ನನಗೆ ಹೇಳೋನು. ಎಂಟು ದಿನವೂ ಹೇಳಿದ."

ಅದು ಮೊಂಡನಿಗೆ ಗೊತ್ತಿರಲಿಲ್ಲ. ಗೋಡೆ ಹಾರಿ ಬಂದು ಅಂಗಡಿ ಮುಂದೆ ಹಲ್ಲು ಕಿರಿದು ಕೂತಿರುತ್ತಿದ್ದ ತನ್ನ ಮುಖ ಮಾತ್ರ ನೆನಪಾಯಿತು. ಅಪ್ಪ ಬೀದಿಯ ತಿರುವು ದಾಟಿ, ಅದನ್ನು ಕಂಡ ಕೂಡಲೇ ನಡಿಗೆ ನಿಧಾನವಾಗುತ್ತಿದ್ದುದೂ.

"ಇದೆಲ್ಲ ಸುಳ್ಳು" ಎಂದ. "ಶಾಲೆ ಬಿಟ್ಟವನು ನಾನೇ. ಅಳಿಸೋಕೇ ಬಂದೆ."

ಯಾರೂ ನಗಲಿಲ್ಲ. ಮೂವರೂ ನಿಂತೇ ಇದ್ದರು, ಅವನು ಮಂಡಿಯೂರಿ ಆರು ಸಾಲನ್ನೂ ಉಪ್ಪುಕಾಗದದಲ್ಲಿ ಉಜ್ಜಿ ಮುಗಿಸುವವರೆಗೆ. ಬಹಳ ಹೊತ್ತು ಹಿಡಿಯಿತು.

ಅಂಗಡಿಗೆ ಮರಳಿದಾಗ ಅಪ್ಪ ಸೂಜಿಗೆ ದಾರ ಪೋಣಿಸುತ್ತಿದ್ದರು.

"ಎಲ್ಲಿಗೆ ಹೋಗಿದ್ದೆ?"

"ಕ್ಷೌರದಂಗಡಿಗೆ."

ಅಪ್ಪ ಅವನ ಕೂದಲು ನೋಡಿದರು, ಬೆರಳಿಗೆ ಮೆತ್ತಿದ್ದ ಮರದ ಪುಡಿ ನೋಡಿದರು. "ಅಲ್ಲಿ ಎಷ್ಟಿದ್ವು?"

"ಆರು."

ದಾರ ಸೂಜಿಯ ಕಣ್ಣು ತಪ್ಪಿತು. ಅಪ್ಪ ತುದಿಯನ್ನು ಎಂಜಲು ಮಾಡಿ ಮತ್ತೆ ಹಿಡಿದರು, ಮತ್ತೆ ತಪ್ಪಿತು. ಮೊಂಡ ಸೂಜಿ ಇಸಿದುಕೊಂಡು ಪೋಣಿಸಿ ಕೊಟ್ಟ. ಆಮೇಲೆ ನೋಟ್‌ಬುಕ್ ತೆರೆದು, ಅಪ್ಪನಿಗೆ ಕಾಣುವ ಹಾಗೇ ಇಟ್ಟುಕೊಂಡು, ಉಳಿದಿದ್ದ ಒಂದು ಪದವನ್ನು, ತವಕ ಎಂದು, ಮೊದಲ ಸಾಲಿನಲ್ಲಿ ಬರೆದ. ಅದರ ಮುಂದೆ ಬರೆಯಬೇಕಾದದ್ದು ಈಗ ಗೊತ್ತಿತ್ತು, ಶಾಲೆಯ ಗೇಟಿನಿಂದ ಒಬ್ಬರೇ ಮರಳಿ ಬರುತ್ತಿದ್ದವರ ನಡಿಗೆ. ಕೈ ಮಾತ್ರ ಏಳಲಿಲ್ಲ.