ಮೊದಲ ಪ್ಯಾರಾ

ಹೆಸರಾಂತ ಕಾದಂಬರಿಗಾರ್ತಿ ನನ್ನಮ್ಮ, ಮನೆಯ ಹಜಾರದಲ್ಲೇ ಕಥೆ ಬರೆಯುವುದನ್ನು ಕಲಿಸುತ್ತಿದ್ದಳು. ಶಿಷ್ಯರು ಏನೇ ಬರೆದು ತಂದರೂ ಮೊದಲ ಪ್ಯಾರಾವನ್ನು ಕೆಂಪು ಪೆನ್ಸಿಲ್ಲಿನಿಂದ ಹೊಡೆದುಹಾಕುವಳು. "ಇದು ಬರೀ ಗಂಟಲು ಸರಿಮಾಡಿಕೊಂಡಿದ್ದು. ಕಥೆ ಇನ್ನೂ ಶುರುವಾಗಿಲ್ಲ." ಅವರಿಗೆ ಅದೇ ವೇದವಾಕ್ಯ.

ಈಗ ಆ ಗೀಳು ಅವಳ ಕೊನೆಯ ಕಾದಂಬರಿಗೇ ಬಡಿದಿದೆ. ದಿನಾ ಬೆಳಿಗ್ಗೆ ಮೊದಲ ಪ್ಯಾರಾ ಹೊಡೆಯುತ್ತಾಳೆ; ಮರುದಿನ ಅದರ ಕೆಳಗಿನದೇ ಮೊದಲನೆಯದಾಗಿರುತ್ತದೆ. ಹೊಸದಾಗಿ ಒಂದು ಸಾಲೂ ಬರೆಯುವುದಿಲ್ಲ. ಕಾಲಿಗೆ ಬಿದ್ದೆ, ಕೂಗಾಡಿದೆ, ಪೆನ್ಸಿಲ್ ಬಚ್ಚಿಟ್ಟೆ. ಉಗುರಿನಿಂದ ಗೀರತೊಡಗಿದಳು.

ಇವತ್ತು, ಉಳಿದಿದ್ದ ಒಂದೇ ಪ್ಯಾರಾವನ್ನೂ ಗೀರಿ ಹಾಳೆಯನ್ನು ನನ್ನ ಕೈಗಿತ್ತಳು.

"ಅಮ್ಮಾ, ಏನೂ ಉಳಿಸಲಿಲ್ವಲ್ಲೇ!" ಎಂದು ತಲೆ ಚಚ್ಚಿಕೊಂಡೆ.

"ಗಂಟಲೇನೋ ಸರಿಹೋಯ್ತು ಕಣೇ," ಎಂದಳು. "ಏನು ಹೇಳ್ಬೇಕು ಅಂತಿದ್ದೆ ಅನ್ನೋದೇ ಮರೆತುಹೋಯ್ತು."