ದೊಡ್ಡ ಗುಂಡಿಗೆ

ಎದೆಗೆ ನಂಬರು ಚೀಟಿ ಚುಚ್ಚಿಕೊಂಡ ದಯಾನಂದನಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಕಲ್ಯಾಣದುರ್ಗದಲ್ಲಿ ಬೆಳಿಗ್ಗೆ ಆರಕ್ಕೆ ಐವತ್ತು ಕಿಲೋಮೀಟರಿನ ಓಟ. ಇನ್ನು ಐದೇ ನಿಮಿಷ. ನೀರಿನ ಬಾಟಲಿ ಹಿಡಿದು ಬಂದಿದ್ದ ಹೆಂಡತಿ ಕಲ್ಪನಾ ಅವನ ಮುಖವನ್ನೇ ನೋಡುತ್ತಿದ್ದಳು. ಅವನು ಅವಳ ಮುಖವೊಂದನ್ನು ಬಿಟ್ಟು ಉಳಿದೆಲ್ಲವನ್ನೂ ನೋಡುತ್ತಿದ್ದ.

ನಲವತ್ತೆಂಟರ ಈ ನೇಕಾರ ಆರು ವರ್ಷದಿಂದ ದಿನಾ ಹಿಂದೂಪುರದಿಂದ ಲೇಪಾಕ್ಷಿಯವರೆಗೆ ಓಡಿ, ಬಸ್ಸಿನಲ್ಲಿ ಮರಳುವವನು. ಹೋದ ವಾರ ದಾರಿಯಲ್ಲಿ ಕಣ್ಣು ಕತ್ತಲಿಟ್ಟಿತ್ತು. ಸ್ಕ್ಯಾನ್ ನೋಡಿದ ಡಾಕ್ಟರು ತೆಲುಗಿನಲ್ಲಿ, "ಗುಂಡೆ ಪೆದ್ದದೈಂದಿ," ಎಂದರು. ಹೃದಯ ಹಿಗ್ಗಿದೆ ಎಂದು ಅವರ ಅರ್ಥ. ಈ ಆಸಾಮಿ ಅದನ್ನು ತನಗೆ ಬೇಕಾದ ಹಾಗೆ ಕನ್ನಡಕ್ಕೆ ತಿರುಗಿಸಿ ಬೀದಿಗೆಲ್ಲ ಹಂಚಿದ: "ಡಾಕ್ಟ್ರೇ ಸರ್ಟಿಫಿಕೇಟ್ ಕೊಟ್ಟವ್ರೆ ಕಣಪ್ಪ, ನಂದು ದೊಡ್ಡ ಗುಂಡಿಗೆಯಂತೆ." ಬೀದಿ ನಕ್ಕು ಬೆನ್ನು ತಟ್ಟಿತು. ಅತಿಯಾಗಿ ಓಡಿಯೇ ಹೀಗಾಗಿದೆ, ಇನ್ನು ಓಡಿದರೆ ಪ್ರಾಣಕ್ಕೇ ಅಪಾಯ ಎಂದು ಡಾಕ್ಟರು ಹೇಳಿದ ಮಾತನ್ನು ಮಾತ್ರ ನುಂಗಿಕೊಂಡ. ಓಟ ಬಿಟ್ಟರೆ ತನ್ನನ್ನು ಯಾರು ಕೇಳುತ್ತಾರೆ ಎಂಬ ಹೆದರಿಕೆ ಅವನಿಗೆ.

"ನಂಬರು ಸೊಟ್ಟಗಾಗೈತೆ, ತಡೀರಿ," ಎಂದು ಕಲ್ಪನಾ ಪಿನ್ನು ಸರಿಮಾಡಲು ಬಂದಳು. ಅವಳ ಅಂಗೈ ಅವನ ಎದೆಯ ಮೇಲೆಯೇ ನಿಂತುಬಿಟ್ಟಿತು. ಮದುವೆಯಾದಾಗಿನಿಂದ ಪವರ್‌ಲೂಮಿನ ಸದ್ದಿನಲ್ಲಿ ಬದುಕಿದವಳು. ಅಡುಗೆಮನೆಯಲ್ಲಿದ್ದರೂ ಯಾವ ಮಗ್ಗದ ಏಟು ತಪ್ಪಿ ಲಯ ಕೆಟ್ಟಿತೆಂದು ಹೇಳಬಲ್ಲಳು.

"ಏಟು ತಪ್ತೈತೆ," ಎಂದಳು.

"ಓಟಕ್ಕೆ ಮುಂಚೆ ಎಲ್ರಿಗೂ ಹಂಗೇ ಕಣೆ."

"ಜೋರಾಗಿ ಬಡಿಯೋದು ಬ್ಯಾರೆ, ತಪ್ಪೋದು ಬ್ಯಾರೆ. ನಂಗೆ ಹೇಳ್ಕೊಡ್ಬೇಡಿ. ಡಾಕ್ಟ್ರು ಇನ್ನೇನಂದ್ರು?"

ಮೈಕಿನಲ್ಲಿ ಹತ್ತರಿಂದ ಕೆಳಕ್ಕೆ ತೆಲುಗು ಎಣಿಕೆ ಶುರುವಾಯಿತು. ಪದಿ, ತೊಮ್ಮಿದಿ, ಎನಿಮಿದಿ. ದಯಾನಂದ ಸಿಡುಕಿ ಅವಳ ಕೈ ಸರಿಸಹೋದ. ಅವಳು ಬಿಡಲಿಲ್ಲ.

"ಎಳೆ ಕಡಿದ ಮ್ಯಾಲೂ ಮಗ್ಗ ಓಡಿಸ್ತಾರಾ? ನೀವೇ ಹೇಳಿ," ಎಂದಳು.

ಮೂವತ್ತು ವರ್ಷದಿಂದ ಎಳೆ ಕಡಿದ ಕೂಡಲೇ ಅವನ ಕೈ ತಾನಾಗಿಯೇ ಮಗ್ಗ ನಿಲ್ಲಿಸುವ ಸ್ವಿಚ್ಚಿಗೆ ಹೋಗುತ್ತಿತ್ತು.

"ಓಡ್ಬ್ಯಾಡ ಅಂದ್ರು," ಎಂದ, ನೆಲ ನೋಡುತ್ತ. "ಪ್ರಾಣಕ್ಕೇ ಬತ್ತೈತಂತೆ."

"ಇಷ್ಟು ಹೇಳಾಕೆ ನಿನ್ ದೊಡ್ಡ ಗುಂಡಿಗೆಗೆ ಒಂದು ವಾರ ಬೇಕಾಯ್ತಾ?"

ಇಪ್ಪತ್ತನಾಲ್ಕು ವರ್ಷದಲ್ಲಿ ಅವಳು ಅವನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು.

ಪೀಪಿ ಕೂಗಿತು. ಓಟಗಾರರು ಅವರಿಬ್ಬರ ಎಡಬಲಕ್ಕೆ ನುಗ್ಗಿ ಓಡಿದರು. ಧೂಳು ಇಳಿದ ಮೇಲೂ ದಯಾನಂದನ ಕಾಲು ನಿಂತಲ್ಲೇ ಕುಣಿಯುತ್ತಿತ್ತು. ಕಲ್ಪನಾ ಎದೆಯಿಂದ ಅಂಗೈ ತೆಗೆದಿರಲಿಲ್ಲ. ಕಣ್ಣು ಮುಚ್ಚಿ, ಅವನ ಎದೆಯ ಮುಂದಿನ ಏಟಿಗಾಗಿ ಕಾಯುತ್ತಿದ್ದಳು.