ಒಲೆ ಆರುವ ವಾರ

ಬೆಳಗಿನ ಪಾಳಿಯ ಗಂಟೆ ಹೊಡೆಯುವ ಹೊತ್ತಿಗೆ ದೊಡ್ಡಕ್ಕ ಆಗಲೇ ಎರಡು ಸಲ ಬಚ್ಚಲಿಗೆ ಹೋಗಿ ಬಂದಿದ್ದಳು. ಬಿಳಿ ಕೋಟಿನ ಕೆಳಗೆ ಕಪ್ಪು ಬಟ್ಟೆಯನ್ನೇ ಉಡುವುದು ಒಂದು ವರ್ಷದಿಂದ ರೂಢಿಯಾಗಿಬಿಟ್ಟಿತ್ತು. ಕೈಚೀಲದಲ್ಲಿ ಊಟದ ಡಬ್ಬಿಗಿಂತ ಬಟ್ಟೆಯ ಗಂಟೇ ದೊಡ್ಡದಿರುತ್ತಿತ್ತು. ಆದರೂ ಅವಳು ತಲೆಗೆ ಬಲೆಯ ಟೋಪಿ ಹಾಕಿಕೊಂಡು, ಮೊಣಕೈವರೆಗೆ ಕೈ ತೊಳೆದು ಒಲೆಯ ಮುಂದೆ ಬಂದು ನಿಂತಳೆಂದರೆ ಇಪ್ಪತ್ತೆರಡು ಹೆಂಗಸರ ಸಾಲು ಹರಟೆ ನಿಲ್ಲಿಸಿ ಕೆಲಸಕ್ಕೆ ಕೈ ಹಚ್ಚುತ್ತಿತ್ತು.

ಅದು ಬಿಸ್ಕತ್ತಿನ ಕಾರ್ಖಾನೆ. ಒಂದು ತುದಿಯಲ್ಲಿ ಹಸಿ ಹಿಟ್ಟು ಒಳಹೋಗಿ ಇನ್ನೊಂದು ತುದಿಯಲ್ಲಿ ಬಿಸ್ಕತ್ತಾಗಿ ಹೊರಬರುವ ಆ ಉದ್ದನೆಯ ಯಂತ್ರಕ್ಕೆ ಕಾಗದಪತ್ರಗಳಲ್ಲಿ ಏನೇ ಹೆಸರಿರಲಿ, ಹೆಂಗಸರ ಬಾಯಲ್ಲಿ ಅದು ಒಲೆಯೇ. ಹಾಗೆಯೇ ಲೈನ್ ಲೀಡರ್ ಎಂಬುದು ಕಾರ್ಖಾನೆಯವರು ಬಿಳಿ ಕೋಟಿನ ಜೊತೆ ಅವಳಿಗೆ ಕೊಟ್ಟ ಹೆಸರು, ದೊಡ್ಡಕ್ಕ ಎಂಬುದು ಸಾಲಿನವರು ಕೊಟ್ಟದ್ದು. ಯಾರು ಯಾವ ಜಾಗದಲ್ಲಿ ನಿಲ್ಲಬೇಕು, ಯಾರಿಗೆ ಯಾವ ದಿನ ರಜೆ ಎಂಬುದನ್ನೆಲ್ಲ ಅವಳೇ ಗೋಡೆಯ ಹಲಗೆಯ ಮೇಲೆ ಬರೆಯುತ್ತಿದ್ದಳು. ಅವಳು ಬರೆದದ್ದನ್ನು ಮ್ಯಾನೇಜರ್ ಕೂಡ ಅಳಿಸುತ್ತಿರಲಿಲ್ಲ.

ಆ ಹಲಗೆಯಲ್ಲಿ ಒಂದು ವಾರ ಮಾತ್ರ ಸದಾ ತುಂಬಿರುತ್ತಿತ್ತು. ವರ್ಷಕ್ಕೊಮ್ಮೆ ಹನ್ನೆರಡು ದಿನ ಒಲೆ ಆರಿಸಿ, ಯಂತ್ರವನ್ನೆಲ್ಲ ಬಿಚ್ಚಿ, ತೊಳೆದು, ಸವೆದ ಭಾಗ ಬದಲಿಸಿ ಮತ್ತೆ ಜೋಡಿಸುತ್ತಿದ್ದರು. ದಿನ ಹನ್ನೆರಡಾದರೂ ಅದಕ್ಕೆ ‘ಒಲೆ ಆರುವ ವಾರ’ ಎಂದೇ ಹೆಸರು. ಆಗ ಕೆಲಸಗಾರರಿಗೆಲ್ಲ ರಜೆ. ಆ ರಜೆಯಲ್ಲಿ ಯಾರೂ ರಜೆ ಕಳೆಯುತ್ತಿರಲಿಲ್ಲ ಎಂಬುದು ಬೇರೆ ಮಾತು. ಒಬ್ಬಳು ಕಣ್ಣಿನ ಪೊರೆ ತೆಗೆಸುತ್ತಿದ್ದಳು, ಇನ್ನೊಬ್ಬಳು ಪಿತ್ತಕೋಶದ ಕಲ್ಲು ತೆಗೆಸುತ್ತಿದ್ದಳು, ಮತ್ತೊಬ್ಬಳು ಮೊಣಕಾಲು ಕೊಯ್ಯಿಸಿಕೊಳ್ಳುತ್ತಿದ್ದಳು. ಆಸ್ಪತ್ರೆಯ ವಾರ್ಡಿನಲ್ಲೇ ಹಾಜರಿ ಕರೆಯಬಹುದು, ಒಂದೂ ತಪ್ಪುವುದಿಲ್ಲ ಎಂದು ಅವರೇ ನಗುತ್ತಿದ್ದರು. ಹದಿಮೂರನೆಯ ದಿನ ಹೊಲಿಗೆ ಸವರಿಕೊಳ್ಳುತ್ತ ಎಲ್ಲರೂ ಒಲೆಯ ಮುಂದೆ ನಿಂತಿರುತ್ತಿದ್ದರು.

ಆಪರೇಷನ್ನಿಗೆ ರಜೆ ಬೇಕು ಎಂದು ಯಾರಾದರೂ ನಡುವರ್ಷದಲ್ಲಿ ಬಂದರೆ ದೊಡ್ಡಕ್ಕನ ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು: “ಜೀವ ಹೋಗೋಂಥದ್ದೇನಲ್ವಲ್ಲ? ಒಲೆ ಆರೋ ವಾರಕ್ಕೆ ಇಟ್ಕೋ.”

ಆ ಮಾತು ಈಗ ಅವಳ ಕೊರಳಿಗೇ ಬಂದು ಸುತ್ತಿಕೊಂಡಿತ್ತು. ಹಿಂದಿನ ದಿನ ಡಾಕ್ಟರಮ್ಮ ಪರೀಕ್ಷೆ ಮಾಡಿ, ರಕ್ತದ ವರದಿ ನೋಡಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟಿದ್ದರು.

“ಗರ್ಭಕೋಶದಲ್ಲಿ ಗಡ್ಡೆ ಇದೆ, ಅದಕ್ಕೇ ಇಷ್ಟು ರಕ್ತ ಹೋಗ್ತಿರೋದು. ಕ್ಯಾನ್ಸರ್ ಅಲ್ಲ, ಹೆದರ್ಬೇಡಿ. ಆದ್ರೆ ತೆಗೆಸ್ಬೇಕು. ಇವತ್ತೇ ಆಗ್ಬೇಕು ಅಂತಿಲ್ಲ, ದಿನ ನೀವೇ ಆರಿಸ್ಕೊಳ್ಳಿ.”

“ನಮ್ಮ ಕಾರ್ಖಾನೆ ಮುಚ್ಚೋದಕ್ಕೆ ಇನ್ನೂ ಎಂಟು ತಿಂಗಳಿದೆ, ಡಾಕ್ಟ್ರೇ.”

“ಕಾರ್ಖಾನೆ ವಿಷಯ ನಂಗೊತ್ತಿಲ್ಲಮ್ಮ. ನಿಮ್ಮ ಮೈಯಲ್ಲಿ ರಕ್ತ ಇರ್ಬೇಕಾದ್ದರಲ್ಲಿ ಅರ್ಧ ಇದೆ. ಒಂದು ತಿಂಗಳು ಮಾತ್ರೆ ತಗೊಂಡು ರಕ್ತ ಏರಿಸ್ಕೊಳ್ಳಿ, ಆಮೇಲೆ ಬಂದು ಮಲಗಿ. ಎಂಟು ತಿಂಗಳು ಕಾದ್ರೆ ಆರಿಸ್ಕೊಳ್ಳೋಕೆ ದಿನ ಇರಲ್ಲ, ಆಂಬುಲೆನ್ಸಲ್ಲೇ ಬರ್ತೀರಿ. ಆಪರೇಷನ್ ಆದ್ಮೇಲೆ ಆರು ವಾರ ಏನೂ ಎತ್ತಬಾರದು.”

ಹದಿನೇಳು ವರ್ಷದಲ್ಲಿ ದೊಡ್ಡಕ್ಕ ಕಾಯಿಲೆ ರಜೆ ಎಂದು ಒಂದು ದಿನವನ್ನೂ ತೆಗೆದುಕೊಂಡಿರಲಿಲ್ಲ. ಉಳಿದ ರಜೆಯನ್ನು ಸಂಬಳದೊಂದಿಗೆ ಒಟ್ಟಿಗೆ ಪಡೆಯಬಹುದು ಎಂದು ನಿಯಮದ ಪುಸ್ತಕದಲ್ಲಿತ್ತು. ಆರು ವಾರಕ್ಕೆ ಅದು ಧಾರಾಳ ಸಾಕಾಗುತ್ತಿತ್ತು. ಪುಸ್ತಕವಿತ್ತು, ಅದನ್ನು ಯಾರೂ ಬಿಚ್ಚುತ್ತಿರಲಿಲ್ಲ ಅಷ್ಟೆ.

ಊಟದ ಬಿಡುವಿನಲ್ಲಿ ಅವಳು ಗಿಣಿಯ ಪಕ್ಕ ಹೋಗಿ ಕುಳಿತಳು. ಗಿಣಿ ಪೊಟ್ಟಣ ಕಟ್ಟುವ ಮೇಜಿನವಳು. ಬಾಯಿಗೆ ಬಿಡುವಿಲ್ಲದೆ ಹರಟುತ್ತಿದ್ದಳೆಂದು ಆ ಹೆಸರು ಬಿದ್ದಿತ್ತು. ಎರಡು ವರ್ಷದ ಹಿಂದೆ ಹೊಕ್ಕುಳ ಹತ್ತಿರ ಹರ್ನಿಯಾ ಆಗಿ, ರಜೆ ಕೇಳಿಕೊಂಡು ದೊಡ್ಡಕ್ಕನ ಹತ್ತಿರ ಬಂದಿದ್ದಳು. ದೊಡ್ಡಕ್ಕ ಅದೇ ಉತ್ತರ ಕೊಟ್ಟಿದ್ದಳು. ಗಿಣಿ ಏಳು ತಿಂಗಳು ಹೊಟ್ಟೆ ಹಿಡಿದುಕೊಂಡು ಕಾದು, ಒಲೆ ಆರುವ ವಾರದಲ್ಲಿ ಆಪರೇಷನ್ ಮಾಡಿಸಿಕೊಂಡು, ಹದಿಮೂರನೆಯ ದಿನ ಬಂದು ರಟ್ಟಿನ ಪೆಟ್ಟಿಗೆ ಎತ್ತಿದಳು. ಒಳಗಿನ ಹೊಲಿಗೆ ಬಿಟ್ಟುಕೊಂಡಿತು. ಈಗ ಸೊಂಟಕ್ಕೆ ಅಗಲದ ಪಟ್ಟಿ ಬಿಗಿದುಕೊಂಡು ಓಡಾಡುತ್ತಿದ್ದಳು. ಗಟ್ಟಿಯಾಗಿ ನಕ್ಕರೆ ನೋಯುತ್ತದೆಂದು ಮಾತನ್ನೇ ಕಡಿಮೆ ಮಾಡಿದ್ದಳು.

ದೊಡ್ಡಕ್ಕ ತಗ್ಗಿದ ದನಿಯಲ್ಲಿ ಎಲ್ಲವನ್ನೂ ಹೇಳಿದಳು. ಗಿಣಿ ತುತ್ತು ನುಂಗಿ, ನೀರು ಕುಡಿದು, ಅವಳ ಮುಖವನ್ನೇ ನೋಡಿದಳು.

“ಜೀವ ಹೋಗೋಂಥದ್ದೇನಲ್ವಲ್ಲ ದೊಡ್ಡಕ್ಕ? ಒಲೆ ಆರೋ ವಾರಕ್ಕೆ ಇಟ್ಕೊಳ್ಳಿ.”

ದೊಡ್ಡಕ್ಕ ಕೈಯಲ್ಲಿದ್ದ ತುತ್ತನ್ನು ಡಬ್ಬಿಗೇ ಹಾಕಿದಳು.

“ಸಿಟ್ಟಿಂದ ಹೇಳಿದ್ದಲ್ಲ,” ಎಂದಳು ಗಿಣಿ. “ಈ ಮಾತು ಹೇಳೋವಾಗ ನಿಮಗೆ ಹ್ಯಾಗಿತ್ತೋ ನಂಗೊತ್ತಿಲ್ಲ. ಕೇಳಿಸ್ಕೊಳ್ಳೋಕೆ ಹ್ಯಾಗಿರುತ್ತೆ ಅಂತ ನಿಮಗೂ ಒಂದ್ಸಲ ಗೊತ್ತಾಗ್ಲಿ ಅಂತ.”

“ನಂದು ತಪ್ಪಾಯ್ತು ಕಣೆ.”

“ತಪ್ಪಾಯ್ತು ಅಂದ್ರೆ ನನ್ನ ಹೊಟ್ಟೆ ಕೂಡಿಕೊಳ್ಳಲ್ಲ. ಇದಕ್ಕೆ ಇನ್ನೊಂದ್ಸಲ ಆಪರೇಷನ್ ಆಗ್ಬೇಕಂತೆ. ಯಾವಾಗ ಅಂತ ನಾನು ಕೇಳೋಕೇ ಹೋಗಿಲ್ಲ. ಕೇಳಿದ್ರೆ ಏನು ಉತ್ತರ ಬರುತ್ತೆ ಅಂತ ಗೊತ್ತಿತ್ತಲ್ಲ.”

ಆ ಮಧ್ಯಾಹ್ನವೆಲ್ಲ ದೊಡ್ಡಕ್ಕ ಸಾಲಿನ ಉದ್ದಕ್ಕೂ ನಡೆದಾಡಿದಳು. ಅಂದು ಅವಳ ಕಣ್ಣು ಬಿಸ್ಕತ್ತಿನ ಮೇಲೆ ನಿಲ್ಲಲಿಲ್ಲ, ಹೆಂಗಸರ ಮೇಲೆ ನಿಂತಿತು. ಒಬ್ಬಳು ಒಂದೇ ಕಾಲಿನ ಮೇಲೆ ಭಾರ ಬಿಟ್ಟು ನಿಂತಿದ್ದಳು. ಒಬ್ಬಳು ಪೊರೆ ಬಂದ ಕಣ್ಣಿಗೆ ಕಾಣದೆ ಬಿಸ್ಕತ್ತನ್ನು ಮೂಗಿನ ಹತ್ತಿರ ತಂದು ಬಿರುಕು ಬಿಟ್ಟಿದೆಯೇ ನೋಡುತ್ತಿದ್ದಳು. ಇಷ್ಟು ವರ್ಷ ಇವರನ್ನು ತಾಯಿಯ ಹಾಗೆ ನೋಡಿಕೊಂಡೆ ಎಂದು ಬೀಗುತ್ತಿದ್ದ ಅವಳಿಗೆ ನಾಚಿಕೆಯಾಯಿತು, ನಾಚಿಕೆಯ ಹಿಂದೆಯೇ ಸಿಟ್ಟೂ ಬಂತು. ಆ ಸಿಟ್ಟು ಮೊದಲು ತನ್ನ ಮೇಲೆಯೇ ಇತ್ತು.

ಸಂಜೆ ಮನೆಯಲ್ಲಿ ಗಂಡ ಸುಲಭದ ದಾರಿ ತೋರಿಸಿದ. ಅವನು ಎಲೆಕ್ಟ್ರಿಕ್ ಕೆಲಸದವನು, ಯಾವ ತೊಡಕಿಗೂ ಪಕ್ಕದಿಂದ ಒಂದು ತಂತಿ ಎಳೆದುಬಿಡುವ ಸ್ವಭಾವ.

“ಜ್ವರ ಅಂತ ಬರ್ಕೊಟ್ಟುಬಿಡು. ಆಪರೇಷನ್ ಅಂತ ಬಾಯಿ ಬಿಟ್ರೆ ತಾನೇ ತಕರಾರು?”

“ಆರು ವಾರದ ಜ್ವರ ಯಾವುದಪ್ಪಾ?”

“ಜ್ವರ ಬಿಟ್ಟ ಮೇಲೆ ಸುಸ್ತು ಅಂತ ಎಳೆದ್ರಾಯ್ತು. ಎಲ್ಲರೂ ಹಂಗೇ ಮಾಡೋದು.”

“ಎಲ್ಲರೂ ಹಂಗೇ ಮಾಡಿದ್ದಕ್ಕೇ ಹಿಂಗಾಗಿರೋದು,” ಎಂದು ದೊಡ್ಡಕ್ಕ ತಟ್ಟೆ ಎತ್ತಿಕೊಂಡು ಎದ್ದಳು.

ಮರುದಿನ ಬೆಳಗ್ಗೆ ಅವಳು ಅರ್ಜಿ ಹಿಡಿದು ಮ್ಯಾನೇಜರ್ ಕೋಣೆಗೆ ಹೋದಳು. ಅವನು ಅವಳಿಗಿಂತ ಹತ್ತು ವರ್ಷ ಚಿಕ್ಕವನು, ಕೆಟ್ಟವನೇನಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಲೆಯ ಶಾಖ ಅಳೆಯುವುದನ್ನು ಅವಳಿಂದಲೇ ಕಲಿತಿದ್ದ. ಅರ್ಜಿಯ ಮೂರನೆಯ ಸಾಲಿಗೆ ಬರುವಷ್ಟರಲ್ಲಿ ಅವನ ಕಿವಿ ಕೆಂಪಾಯಿತು.

“ಇದನ್ನೆಲ್ಲ ಹೀಗೆ ಬಿಡಿಸಿ ಬರೀಬೇಕಾ ದೊಡ್ಡಕ್ಕ?”

“ಗರ್ಭಕೋಶ ಅನ್ನೋದು ಒಂದು ಅಂಗದ ಹೆಸರು ಸಾರ್, ಬೈಗುಳ ಅಲ್ಲ.”

ಅವನು ಕಾಗದವನ್ನು ಮಡಚಿ, ಮತ್ತೆ ಬಿಡಿಸಿದ. “ನೋಡಿ, ನಿಮ್ಮ ಮೇಲೆ ನಂಗೆ ಗೌರವ ಇದೆ. ಆದ್ರೆ ಕಾಯಿಲೆ ರಜೆ ಇರೋದು ಇದ್ದಕ್ಕಿದ್ದಂಗೆ ಬೀಳೋರಿಗೆ. ತಾರೀಖು ನೀವೇ ಆರಿಸ್ಕೊಂಡ ಮೇಲೆ ಅದು ಕಾಯಿಲೆ ಹ್ಯಾಗಾಗುತ್ತೆ? ನಿಮ್ಮನ್ನ ನೋಡಿ ನಾಳೆ ಇಪ್ಪತ್ತೆರಡು ಜನ ಇಪ್ಪತ್ತೆರಡು ತಾರೀಖು ಆರಿಸ್ಕೊಂಡ್ರೆ ಒಲೆ ಮುಂದೆ ನಾನೊಬ್ಬನೇ ನಿಲ್ಲಬೇಕು. ಮೇಲಿನವರು ನನ್ನ ಸುಮ್ನೆ ಬಿಡ್ತಾರಾ? ಈ ಕಷ್ಟ ನಿಮಗೂ ಗೊತ್ತಿದೆ. ಇಷ್ಟು ವರ್ಷ ನೀವೇ ಎಲ್ಲರನ್ನೂ ಹಿಡಿದಿಟ್ಟಿದ್ರಿ.”

ಕೊನೆಯ ಮಾತು ಸರಿಯಾಗಿಯೇ ನಾಟಿತು. ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

“ಹಿಡಿದಿಟ್ಟಿದ್ದೆ, ಹೌದು. ಹಂಗೆ ಹಿಡಿದಿಟ್ಟು ಒಬ್ಬಳ ಹೊಟ್ಟೆ ಹಾಳು ಮಾಡ್ದೆ. ಒಂದು ಕೇಳ್ತೀನಿ ಸಾರ್. ವರ್ಷ ವರ್ಷ ಒಲೆ ಆರಿಸ್ತೀರಲ್ಲ, ಅದು ಕೆಟ್ಟು ನಿಂತ ಮೇಲೆ ಆರಿಸ್ತೀರಾ?”

“ಕೆಟ್ಟು ನಿಲ್ಲಬಾರದು ಅಂತ ಮೊದಲೇ ಆರಿಸ್ತೀವಿ.”

“ತಾರೀಖು ಯಾರು ಆರಿಸೋದು?”

ಅವನು ಅರ್ಜಿಯನ್ನು ಮೇಜಿನ ಆಚೆ ಸರಿಸಿದ.

“ನೀವೇ ತಾರೀಖು ಆರಿಸಿದ್ರಿ ಅಂತ ಅದು ರಿಪೇರಿ ಅಲ್ಲ, ಶೋಕಿ ಅಂತ ಯಾರಾದ್ರೂ ಅಂತಾರಾ? ತಗಡಿಗೆ ತೋರಿಸೋ ಕರುಣೆ ನಮ್ಮ ಮೈಗೂ ತೋರಿಸಿ. ಬಿದ್ದ ಮೇಲೆ ಕೊಡೋ ರಜೆಯನ್ನ ಬೀಳದ ಹಾಗೆ ನೋಡ್ಕೊಳ್ಳೋಕೆ ಕೊಡಿ ಅಂತಿದೀನಿ, ಅಷ್ಟೇ. ಪುಸ್ತಕದಲ್ಲೂ ಹಂಗೇ ಇದೆ, ಕಾಯಿಲೆ ಮತ್ತು ಚಿಕಿತ್ಸೆ ಅಂತ. ಓದ್ಕೊಂಡೇ ಬಂದಿದೀನಿ.”

ಮ್ಯಾನೇಜರ್ ಎದ್ದು ಬಾಗಿಲು ಮುಂದೆ ಮಾಡಿ ಬಂದ. ದನಿ ತಗ್ಗಿತು. “ಆಯ್ತು. ನಿಮಗೊಬ್ರಿಗೆ ನಾನು ದಾರಿ ಮಾಡ್ಕೊಡ್ತೀನಿ. ಜೋರು ಜ್ವರ ಅಂತ ಬರೀರಿ. ಸರ್ಟಿಫಿಕೇಟ್ ನಾನು ಕೇಳಲ್ಲ. ಆರು ವಾರ ಆರಾಮಾಗಿರಿ, ಸಂಬಳ ಬರುತ್ತೆ. ಸಾಲಿನವರಿಗೆ ಮಾತ್ರ ಹೇಳ್ಬೇಡಿ.”

ಒಂದು ಗಳಿಗೆ ದೊಡ್ಡಕ್ಕನ ಮನಸ್ಸು ಹೊಯ್ದಾಡಿದ್ದು ನಿಜ. ತಲೆ ಸುತ್ತುತ್ತಿತ್ತು, ಕುರ್ಚಿಯ ಹಿಂಬದಿ ಹಿಡಿದುಕೊಂಡೇ ನಿಂತಿದ್ದಳು. ಒಂದು ಸುಳ್ಳು ಬರೆದರೆ ಎಲ್ಲವೂ ಸಲೀಸು. ಆದರೆ ಹಾಗೆ ತೆರೆದ ಬಾಗಿಲು ಅವಳೊಬ್ಬಳು ದಾಟಿದ ಕೂಡಲೇ ಮುಚ್ಚಿಕೊಳ್ಳುತ್ತಿತ್ತು. ಹೊರಗೆ ಗಿಣಿ ಪಟ್ಟಿ ಬಿಗಿದುಕೊಂಡು ಪೆಟ್ಟಿಗೆ ಎತ್ತುತ್ತಲೇ ಇರುತ್ತಿದ್ದಳು.

“ನಂಗೆ ಜ್ವರ ಇಲ್ಲ ಸಾರ್,” ಎಂದಳು. “ಇರೋದನ್ನೇ ಬರೆದಿದೀನಿ. ಕೊಡೋದಾದ್ರೆ ಅದಕ್ಕೇ ಕೊಡಿ.”

“ಲೀಡರ್ ಕೋಟು ಬೇರೆಯವರಿಗೆ ಹೋದ್ರೆ ನನ್ನ ಬೈಕೋಬೇಡಿ.”

“ಹೋಗ್ಲಿ. ಕೋಟು ನಂಗೆ ಹುಟ್ಟುವಾಗ ಬಂದಿದ್ದಲ್ಲ. ಆಪರೇಷನ್ ಬರೋ ತಿಂಗಳ ಎರಡನೇ ಸೋಮವಾರ. ನೀವು ಸಹಿ ಹಾಕಿದ್ರೂ ಮಲಗ್ತೀನಿ, ಹಾಕದೇ ಇದ್ರೂ ಮಲಗ್ತೀನಿ. ಸಂಬಳ ಹಿಡಿದ್ರೆ ಪುಸ್ತಕ ತಗೊಂಡು ನೇರ ಮೇಲಿನವರ ಹತ್ರ ಹೋಗ್ತೀನಿ.”

ಅಂದಿನಿಂದ ಅರ್ಜಿ ಮ್ಯಾನೇಜರನ ಮೇಜಿನ ಮೇಲೇ ಬಿದ್ದಿತ್ತು. ಅವನು ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ಸಾಲಿನಲ್ಲಿ ಗುಸುಗುಸು ಶುರುವಾಯಿತು. ಕೆಲವರು, ತನಗೆ ಬಂದಾಗ ಕಾನೂನು ನೆನಪಾಯಿತು ನೋಡು ಎಂದು ಆಡಿಕೊಂಡರು. ಅದು ಅವಳ ಕಿವಿಗೂ ಬಿತ್ತು. ಅವಳು ಎದುರಾಡಲಿಲ್ಲ, ಏಕೆಂದರೆ ಅದು ದಿಟವಾಗಿತ್ತು. ಬದಲಿಗೆ ಊಟದ ಬಿಡುವಿನಲ್ಲಿ ನಿಯಮದ ಪುಸ್ತಕ ತಂದು, ಆ ಪುಟ ತೆಗೆದು, ಒಬ್ಬೊಬ್ಬರ ಪಕ್ಕದಲ್ಲೂ ಕುಳಿತು ಓದಿ ಹೇಳಿದಳು. ಆಮೇಲೆ ಒಂದೇ ಪ್ರಶ್ನೆ ಕೇಳಿದಳು: “ನಿಂಗೆ ಡಾಕ್ಟ್ರು ಯಾವಾಗ ಮಾಡಿಸ್ಕೋ ಅಂದಿದಾರೆ?” ಮೊದಲ ದಿನ ಯಾರೂ ಬಾಯಿ ಬಿಡಲಿಲ್ಲ. ಎರಡನೆಯ ದಿನ ಪೊರೆಯ ಕಣ್ಣಿನವಳು ಹೇಳಿದಳು. ಗಿಣಿ ವಾರ ಕಳೆದ ಮೇಲೆ ಆಸ್ಪತ್ರೆಗೆ ಹೋಗಿ ಕೇಳಿಕೊಂಡು ಬಂದಳು.

ಆಪರೇಷನ್ನಿನ ಹಿಂದಿನ ಶನಿವಾರ, ಪಾಳಿ ಮುಗಿಯಲು ಇನ್ನೂ ಸ್ವಲ್ಪ ಹೊತ್ತಿದ್ದಾಗ, ದೊಡ್ಡಕ್ಕ ಸ್ಟೂಲು ಎಳೆದುಕೊಂಡು ಹಲಗೆಯ ಮುಂದೆ ಕುಳಿತಳು. ಬರುವ ವರ್ಷದವರೆಗಿನ ಪಟ್ಟಿಯನ್ನು ಒರೆಸಿ ಮೊದಲಿನಿಂದ ಬರೆದಳು. ತನ್ನ ಹೆಸರಿನ ಮುಂದೆ ತಾರೀಖು, ಅದರ ಪಕ್ಕ ಗರ್ಭಕೋಶ. ಏಳು ವಾರ ಬಿಟ್ಟು ಗಿಣಿ, ಹರ್ನಿಯಾ, ಆರು ವಾರ. ಅದರ ಕೆಳಗೆ ಕಣ್ಣು, ಮೊಣಕಾಲು, ಪಿತ್ತಕೋಶ. ಒಬ್ಬಳು ಹೋದಾಗ ಅವಳ ಜಾಗಕ್ಕೆ ಯಾರು, ಆ ಜಾಗದ ಕೆಲಸವನ್ನು ಈಗಲೇ ಯಾರಿಗೆ ಕಲಿಸಬೇಕು ಎಂಬುದನ್ನೂ ಬರೆದಳು. ಒಂದೇ ತಿಂಗಳಲ್ಲಿ ಇಬ್ಬರು ಬೀಳದಂತೆ ಮೂರು ಸಲ ತಿದ್ದಿದಳು. ಸಾಲಿನವರು ಕೈ ಕೆಲಸ ಬಿಡದೆ ಕತ್ತು ತಿರುಗಿಸಿ ಓದುತ್ತಿದ್ದರು.

ಮ್ಯಾನೇಜರ್ ಬಂದು ಅವಳ ಹಿಂದೆ ನಿಂತ. ಅವನ ಕೈಯಲ್ಲಿ ಆ ಅರ್ಜಿ ಇತ್ತು.

“ಇದನ್ನ ಬರೆಯೋಕೆ ಯಾರು ಹೇಳಿದ್ದು?”

“ಪಟ್ಟಿ ಬರೆಯೋದು ಲೀಡರ್ ಕೆಲಸ. ಇವತ್ತಿನ ಪಾಳಿ ಮುಗಿಯೋ ತನಕ ನಾನೇ ಲೀಡರ್. ಅಳಿಸೋದಾದ್ರೆ ಅಳಿಸಿ, ಆದ್ರೆ ಒಬ್ಬೊಬ್ಬರ ಹೆಸರಾಗಿ ಅಳಿಸಿ. ಆ ಹೆಸರಿನೋಳ ಮುಖ ನೋಡ್ಕೊಂಡು ಅಳಿಸಿ.”

ಗಿಣಿ ಮೇಜು ಬಿಟ್ಟು ಬಂದು ಹಲಗೆಯ ಪಕ್ಕದಲ್ಲಿ, ತನ್ನ ಹೆಸರಿರುವ ಕಡೆ ನಿಂತಳು. ಅವಳ ಹಿಂದೆ ಪೊರೆಯ ಕಣ್ಣಿನವಳೂ ಬಂದಳು. ಮ್ಯಾನೇಜರ್ ಪಟ್ಟಿಯನ್ನು ಮೇಲಿಂದ ಕೆಳಗೆ ಓದಿದ, ಮತ್ತೆ ಕೆಳಗಿಂದ ಮೇಲೆ ಓದಿದ. ಯಾವ ದಿನವೂ ಯಾವ ಜಾಗವೂ ಖಾಲಿ ಬೀಳುತ್ತಿರಲಿಲ್ಲ. ಅರ್ಜಿಯನ್ನು ಒಂದು ರಟ್ಟಿನ ಪೆಟ್ಟಿಗೆಯ ಮೇಲೆ ಇಟ್ಟು, ಜೇಬಿನಿಂದ ಪೆನ್ನು ತೆಗೆದು ಸಹಿ ಹಾಕಿದ. ಕಾರಣ ಎಂಬ ಸಾಲಿನಲ್ಲಿ ಅವಳು ಬರೆದದ್ದು ಹಾಗೆಯೇ ಉಳಿಯಿತು.

ಹೊರಡುವ ಮುನ್ನ ಅವನ ಬೆರಳು ಹಲಗೆಯ ಒಂದು ಕಡೆ ನಿಂತಿತು.

“ಒಲೆ ಆರೋ ವಾರ ಖಾಲಿ ಬಿಟ್ಟಿದೀರಲ್ಲ. ಅಲ್ಲಿ ಯಾರ ಆಪರೇಷನ್ನೂ ಇಲ್ವಾ?”

“ಇಲ್ಲ,” ಎಂದಳು ದೊಡ್ಡಕ್ಕ, ಸ್ಟೂಲಿನಿಂದ ಮೆಲ್ಲಗೆ ಏಳುತ್ತ. “ಅದು ರಜೆ ಸಾರ್. ಆ ವಾರ ಎಲ್ಲರೂ ಮನೇಲಿ ಇರ್ತಾರೆ.”